ಸತ್ತು ನೋಡಿದ ಅಜ್ಜಿ

ನಮ್ಮ ಅಜ್ಜಿ ಎರಡು ಸಲ ಸತ್ತಳು. ಮೊದಲನೆಯ ಸಲ ಸತ್ತಾಗ ಜಗಲಿಯ ಮೇಲೆ ಕೂತು ಎಲೆಯಡಿಕೆ ಕುಟ್ಟುತ್ತಿದ್ದಳು!

ಅವಳು ಮೆಟ್ಟೂರಿನ ಕಡೆಯಿಂದ ನಮ್ಮೂರು ಶಾಗ್ಯಕ್ಕೆ ಸೊಸೆಯಾಗಿ ಬಂದವಳು. ಆಗ ಎರಡೂ ಊರು ಮದ್ರಾಸಿಗೇ ಸೇರಿದ್ದವು. ಐವತ್ತಾರನೇ ಇಸವಿಯಲ್ಲಿ ನಮ್ಮ ಕೊಳ್ಳೇಗಾಲವನ್ನು ಮೈಸೂರಿಗೆ ಸೇರಿಸಿದರು. ಅಜ್ಜಿಯ ತವರು ಆಚೆಯೇ ಉಳಿಯಿತು. "ಒಲೆ ಮುಂದಿಂದ ಎದ್ದೋಳಲ್ಲ, ನನ್ನ ಪರದೇಸಿ ಮಾಡ್ಬುಟ್ರಲ್ಲಾ!" ಎಂದು ಬೀದಿಗೆಲ್ಲ ಕೇಳುವಂತೆ ಗೋಳಾಡಿದಳಂತೆ.

ಭಾಷೆಯ ಚಿಂತೆಯೇ? ಅಲ್ಲ. ಅನ್ನದ ಚಿಂತೆಯೇ? ಅದೂ ಅಲ್ಲ. ಹೆಣದ ಚಿಂತೆ! ನಮ್ಮವರಲ್ಲಿ ಹೆಂಗಸು ಸತ್ತರೆ ತವರಿನಿಂದ ಹೊಸ ಸೀರೆ ಬರಬೇಕು, ಅದನ್ನು ಹೊದಿಸಿಯೇ ಎತ್ತಬೇಕು. ಬಾರದಿದ್ದರೆ ಅವಳು ದಿಕ್ಕಿಲ್ಲದವಳು. ಅಜ್ಜಿಯ ತವರಿನಲ್ಲಿ ಉಳಿದಿದ್ದವನು ಒಬ್ಬನೇ ತಮ್ಮ.

"ಗಡೀಲಿ, ಪಾಲಾರ್ ಗೇಟ್‌ನಲ್ಲಿ ಪೊಲೀಸ್ನೋರು ಸೀರೆ ಇಡ್ಕಂಡ್ಬುಟ್ರೆ?" ಎಂದು ನನ್ನ ಅವ್ವನನ್ನು ಕೇಳುವಳು.

"ಸತ್ತೋರ್ ಸೀರೆ ತಕಂಡು ಅವ್ರೇನ್ ಉಟ್ಕತಾರಾ ಅತ್ತೆ?" ಎನ್ನುವಳು ಅವ್ವ.

ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಬಸ್ ಸ್ಟ್ಯಾಂಡಿನಿಂದ ಮನೆಗೆ ಓಡಿಬರುವ ನನಗೆ ಈ ರೋಗ ಎಲ್ಲಿಂದ ಬಂತೆಂದು ಬೇರೆ ಹೇಳಬೇಕೆ?

ಆದರೆ ನನ್ನ ಓಟ ಒಲೆಯ ತನಕ. ಅಜ್ಜಿಯದು ಸಾವಿನ ತನಕ! ಒಂದು ದಿನ ಮಾರ್ಟಳ್ಳಿಯ ಮೇಲೆ ಹಾದು ಮೆಟ್ಟೂರಿಗೆ ಹೊರಟಿದ್ದ ಬಿದಿರು ಲಾರಿಯವನನ್ನು ನಿಲ್ಲಿಸಿ, "ನಿಮ್ಮಕ್ಕ ಓಗ್ಬುಟ್ಲು ಅಂತ ನನ್ ತಮ್ಮನ್ಗೆ ಏಳ್ಬುಡಪ್ಪ" ಎಂದು ತನ್ನ ಸಾವಿನ ಸುದ್ದಿಯನ್ನು ತಾನೇ ಕಳಿಸಿದಳು. ಮಾರನೆಯ ದಿನ ತಮ್ಮ ಬೀದಿಯ ತುದಿಯಿಂದಲೇ ಎದೆ ಬಡಿದುಕೊಳ್ಳುತ್ತ ಬಂದ. ಕಂಕುಳಲ್ಲಿ ಹಸಿರು ಸೀರೆ. ಜಗಲಿಯ ಮೇಲೆ ಅಕ್ಕ! ಅಜ್ಜಿ ಅವನ ಕಂಕುಳಿನ ಸೀರೆ ಎಳೆದುಕೊಂಡು, ಸೆರಗು ಬಿಡಿಸಿ, ಬೆರಳಲ್ಲಿ ಉಜ್ಜಿ ನೋಡಿ, "ಬಣ್ಣ ಬಿಡ್ತದೆ ಕಣ್ಲಾ" ಎಂದಳು.

"ಎಣದ್ ಸೀರೆ ಯಾರಕ್ಕಾ ಒಗೀತಾರೆ?"

ಊಟಕ್ಕೂ ನಿಲ್ಲದೆ ಹೊರಟ. "ಇನ್‌ಮ್ಯಾಕೆ ನೀ ನಿಜ್ವಾಗ್ಲೂ ಸತ್ರೂ ನಾ ನಂಬಕಿಲ್ಲ!"

ಅಜ್ಜಿಗೆ ಮಾತ್ರ ಹಾಲು ಕುಡಿದಷ್ಟು ಸಂತೋಷ. ಆ ಸೀರೆಯನ್ನೇ ಉಟ್ಟು ಹನೂರು ಸಂತೆಗೆ ಹೋದಳು. ಗುರುತಿನವರು ಹೆಣದ ಸೀರೆಯೆಂದು ಎದುರು ಸಿಗದಂತೆ ಸರಿದುಕೊಂಡರು. "ಎತ್ತಿಡಿ ಅತ್ತೆ, ಆಗ ಬೇಕಾಯ್ತದೆ" ಎಂದಳು ಅವ್ವ. "ಅಳೇದು ಒದಿಸ್ಕಳಾಕೆ ನಾನೇನ್ ದಿಕ್ಕಿಲ್ಲದೋಳಾ? ಒಸದು ತತ್ತಾನೆ ಬುಡು!" ಎಂದು ಅದು ಚಿಂದಿಯಾಗುವ ತನಕ ಉಟ್ಟಳು. ಬಣ್ಣವೂ ಬಿಟ್ಟಿತು.

ಎಪ್ಪತ್ತನೇ ಇಸವಿಯ ನಂತರದ ಒಂದು ಬೇಸಗೆಯಲ್ಲಿ ಅಜ್ಜಿಗೆ ಜ್ವರ ಹಿಡಿಯಿತು. ಮಾತು ತೊದಲುವ ಹೊತ್ತಿನಲ್ಲೂ ಅವಳು ಅವ್ವನ ಕೈ ಹಿಡಿದು ಕೇಳುತ್ತಿದ್ದುದು ಒಂದೇ: "ಅವ್ನು ನಂಬ್ತಾನೇನವ್ವಾ?"

"ನಂಬ್ತಾರೆ ಅತ್ತೆ."

ಸತ್ತಳು. ಅಪ್ಪ ಮೆಟ್ಟೂರಿಗೆ ಆಳು ಕಳಿಸಿದ. ಮಾರನೆಯ ದಿನ ಬಿಸಿಲು ಏರಿತು, ಇಳಿಯಿತು. "ಈ ಸೆಕೇಲಿ ಇನ್ನೆಷ್ಟೊತ್ತು ಮಡಿಕ್ಕಂಡಿರಾದು? ಎತ್ರಪ್ಪಾ" ಎಂದರು ಹಿರಿಯರು. ದಿನವೂ ಅಜ್ಜಿಯೊಡನೆ ಜಗಳವಾಡುತ್ತಿದ್ದ ಅವ್ವ ಬಾಗಿಲಿಗೆ ಅಡ್ಡ ನಿಂತಳು. "ಅವ್ರ ತಮ್ಮ ಬರ್ಲಿ."

ಬಂದ. ಅಳುತ್ತ ಅಲ್ಲ, ನಗುತ್ತ! "ಎಲ್ಲವ್ಳೆ ಆ ಕಳ್ಳಿ?" ಎಂದು ಕೂಗುತ್ತಲೇ ಒಳಗೆ ಬಂದ. ಕೈಚೀಲದಲ್ಲಿ ವೀಳ್ಯದೆಲೆ ಮತ್ತು ಅಕ್ಕನಿಗೆ ಇಷ್ಟವಾದ ಒಣಮೀನು. ಸಾವಿನ ಮನೆಗೆ ಯಾರಾದರೂ ಒಣಮೀನು ತರುತ್ತಾರೆಯೇ?

ನಡುಮನೆಯಲ್ಲಿ ಅವಳನ್ನು ಕಂಡ. ಚೀಲ ಕೈಯಿಂದ ಜಾರಿತು.

"ದಾರಿ ಪೂರ್ತಿ ನಗ್ತಾ ಬಂದ್ನಲ್ಲಕ್ಕಾ..."

ಹೆಗಲ ಮೇಲಿದ್ದ ಟವಲನ್ನು ತೆಗೆದು ಅವಳಿಗೆ ಹೊದಿಸಿದ. ಬೆವರಲ್ಲಿ ತೊಯ್ದ ಬಟ್ಟೆ. "ಅದು ಒಸದಲ್ವಲ್ಲಪ್ಪಾ..." ಎಂದು ಯಾರೋ ರಾಗ ಎಳೆದರು.

"ತವರಿಂದು," ಎಂದಳು ಅವ್ವ. "ಸಾಕು."

ಟವಲು ಮಂಡಿಯಿಂದ ಕೆಳಕ್ಕೆ ಸಾಲಲಿಲ್ಲ. ಎಳೆದು ನೋಡಿದ, ಮತ್ತೆ ಎಳೆದ. ಕೊನೆಗೆ ಅಕ್ಕನ ಬರಿಯ ಪಾದಗಳನ್ನು ಎರಡೂ ಅಂಗೈಯಲ್ಲಿ ಮುಚ್ಚಿಕೊಂಡು ಕೂತುಬಿಟ್ಟ. ಎತ್ತಿ ಎಂದು ಆಮೇಲೆ ಯಾರೂ ಅವಸರ ಮಾಡಲಿಲ್ಲ.