ಬಸ್ಸು ಹತ್ತಲಾರದ ಬಳ್ಳಿ

ನನ್ನ ಮೊಮ್ಮಗಳು ಗಿರಿಜೆಯ ನೌಕರಿಗೆ ಕುತ್ತು ತಂದದ್ದು ಅವಳ ಅತ್ತೆಯೂ ಅಲ್ಲ, ಗಂಡನೂ ಅಲ್ಲ. ನನ್ನ ಕಿರಿಮಗ ಬಸವರಾಜ ಬರೆದ ಪದ್ಯ. ಬಳಗದವರು ಏನೇನೋ ಆಡಿಕೊಂಡರು, ನಡೆದದ್ದು ಮಾತ್ರ ಇಷ್ಟೇ.

ನಮ್ಮ ಕಡೆ ಮದುವೆಯೆಂದರೆ ಗುಲಾಬಿ ಹಾಳೆಯ ಮೇಲೆ ಶುಭಾಶಯ ಪದ್ಯವೊಂದನ್ನು ಅಚ್ಚು ಹಾಕಿಸಿ ಹಂಚಬೇಕು. ದೊಡ್ಡವರು ಅದರಲ್ಲಿ ಗಾಳಿ ಬೀಸಿಕೊಳ್ಳುತ್ತಾರೆ, ಮಕ್ಕಳು ಬೂಂದಿ ಕಟ್ಟಿಕೊಳ್ಳುತ್ತಾರೆ. ಓದಿದವರನ್ನು ನಾನು ಕಂಡಿರಲಿಲ್ಲ. ಆ ಧೈರ್ಯದ ಮೇಲೆಯೇ ಸುಮ್ಮನಿದ್ದೆ. ಬಸವರಾಜ ದಾವಣಗೆರೆಯ ಹೈಸ್ಕೂಲೊಂದರಲ್ಲಿ ಕನ್ನಡ ಹೇಳಿಕೊಡುವವನು, ಬಳಗದಲ್ಲಿ ಯಾರ ಮದುವೆಯಾದರೂ ಪದ್ಯ ಅವನದೇ. ಅದರಲ್ಲಿ ಹುಡುಗಿ ಯಾವಾಗಲೂ ಬಳ್ಳಿ, ಹುಡುಗ ಯಾವಾಗಲೂ ಮರ. ಹುಡುಗಿ ಗಟ್ಟಿಮುಟ್ಟಾಗಿದ್ದು ಹುಡುಗ ಕಡ್ಡಿಯಂತಿದ್ದರೂ ಅಷ್ಟೇ. ನಾಲ್ಕನೇ ಕ್ಲಾಸಿಗೇ ಸ್ಕೂಲು ಬಿಟ್ಟವಳು ನಾನು, ಕಾವ್ಯ ತಿಳಿಯುವುದಿಲ್ಲ. ಬಳ್ಳಿ ತಿಳಿಯುತ್ತದೆ. ಹೀರೇಬಳ್ಳಿಗೆ ಚಪ್ಪರ ಹಾಕಬೇಕು, ಎರಡು ಗಳ ನೆಟ್ಟುಕೊಡೋ ಎಂದರೆ ಈ ಕವಿ ಅಂಗೈ ನೋಡಿಕೊಂಡು ಒಳಗೆ ಹೋದವನು. ನನ್ನ ಮದುವೆಯಲ್ಲಿ ಪದ್ಯ ಗಿದ್ಯ ಇರಲಿಲ್ಲ, ಒಳ್ಳೆಯದೇ ಆಯಿತು. ನಮ್ಮ ಯಜಮಾನರನ್ನು ಮರ ಎನ್ನಲೇಬೇಕೆಂದರೆ ಜಾಲಿಮರ ಎನ್ನಬೇಕಿತ್ತು: ನೆರಳು ಅಷ್ಟಕ್ಕಷ್ಟೇ, ಹತ್ತಿರ ಹೋದರೆ ಸೆರಗು ಸಿಕ್ಕಿಕೊಳ್ಳುವುದು.

ಗಿರಿಜೆ ಮಲೆಬೆನ್ನೂರಿನ ಪ್ರೈಮರಿ ಸ್ಕೂಲಿನಲ್ಲಿ ಟೀಚರ್. ಕೊಟ್ಟದ್ದು ಹರಿಹರದ ಕಿರಾಣಿ ಅಂಗಡಿಯವರ ಮನೆಗೆ. ನೌಕರಿಗೆ ಹೋಗಿಬರಲು ಹತ್ತಿರವಾಯಿತೆಂದು ನಾನು ಹಿಗ್ಗಿದ್ದೆ. ಮದುವೆಯ ರಜೆ ಮುಗಿಯುವ ಭಾನುವಾರ ನೋಡಿಬರೋಣವೆಂದು ಹೋದರೆ ಹುಡುಗಿಯ ಮುಖ ಅತ್ತು ಊದಿಕೊಂಡಿದೆ. ನಡುಮನೆಯಲ್ಲಿ, ದೇವರ ಪಟದ ಪಕ್ಕದಲ್ಲೇ, ಗಾಜು ಹಾಕಿಸಿದ ಚೌಕಟ್ಟಿನೊಳಗೆ ಆ ಗುಲಾಬಿ ಹಾಳೆ!

"ಗಿರಿಜಾ ಇನ್ಮ್ಯಾಲೆ ಸ್ಕೂಲಿಗೆ ಹೋಗೋದು ಬ್ಯಾಡ್ರಿ," ಎಂದರು ಬೀಗಿತ್ತಿ ನೀಲಮ್ಮ.

"ಯಾಕ್ರಿ?"

"ನೀವೇ ಅಚ್ಚು ಹಾಕ್ಸೀರಲ್ರಿ. ಓದೋ ಮಹೇಶ."

ಗಿರಿಜೆಯ ಗಂಡ ಎದ್ದು ನಿಂತು, ಪಾಪ, ಪರೀಕ್ಷೆಗೆ ಬಂದವನಂತೆ ಓದಿದ:

"ನಮ್ಮಂಗಳದ ಮಲ್ಲಿಗೆ ಬಳ್ಳಿ ಹಬ್ಬಿತು ಹರಿಹರದ ಹೆಮ್ಮರಕೆ,
ಬಿಸಿಲನು ಮರೆತು ನೆರಳಲಿ ನಲಿಯಲಿ, ಇನ್ನೇತಕೆ ಅಲೆದಾಟ ಅದಕೆ."

ಓದಿ ಮುಗಿಸುವಷ್ಟರಲ್ಲಿ ಹೆಮ್ಮರಕ್ಕೆ ಕೆಮ್ಮು ಬಂತು.

"ಕೇಳಿದ್ರೇನ್ರಿ? ಬಳ್ಳಿ ಎಲ್ಲಾದ್ರೂ ಬಸ್ ಹತ್ತಿ ಮಲೆಬೆನ್ನೂರಿಗೆ ಹೋಗ್ತೈತೇನ್ರಿ?"

ಅವರ ಮಾತಾಗಿದ್ದರೆ ತಿರುಗಿಸಿ ಕೊಡುತ್ತಿದ್ದೆ. ಪದ್ಯದ ಕೆಳಗೆ ನಮ್ಮ ಮನೆತನದ ಹೆಸರೇ ಇದೆ. ಸಿಟ್ಟು ನುಂಗಿಕೊಂಡು ಹಿತ್ತಿಲ ಬಾಗಿಲಿಗೆ ಹೋದೆ. ಅಲ್ಲಿ ನೀಲಮ್ಮನವರ ಕುಂಬಳಬಳ್ಳಿ ಗೋಡೆ ಹಾರಿ ಪಕ್ಕದ ಮನೆಯ ತಗಡಿನ ಮೇಲೆ ಹಾಯಾಗಿ ಮಲಗಿತ್ತು.

"ನಿಮ್ಮ ಬಳ್ಳಿ ಎಲ್ಲಿಗ್ರಿ ಹೊಂಟೈತೆ?"

"ಅದಾ? ಫಾತಿಮಾಬೀ ಮನಿ ಮ್ಯಾಲೆ. ಕಾಯಿ ಅಲ್ಲೇ ಬಿಡ್ತೈತೆ, ಅವ್ರೇ ಕೊಯ್ದು ಕೊಡ್ತಾರೆ."

"ನೋಡ್ರಿ ಮತ್ತೆ. ಬೇರು ನಿಮ್ಮ ಹಿತ್ಲಾಗೆ, ಕಾಯಿ ಹೊರಗೆ, ಸಾರು ನಿಮ್ಮನಿಗೆ. ಗಿರಿಜಾನೂ ಹಂಗೇ."

ಗೆದ್ದೆ ಎಂದುಕೊಂಡೆ. ನೀಲಮ್ಮ ಬಿಡುವ ಹೆಂಗಸಲ್ಲ. "ಬಳ್ಳಿ ಊರು ಸುತ್ತಾಕ ಹೋದ್ರೆ ಬೆಳಿಗ್ಗೆ ಮರಕ್ಕೆ ರೊಟ್ಟಿ ಬಡಿಯೋರು ಯಾರ್ರಿ?" ಎಂದವರೇ ನಾಲಿಗೆ ಕಚ್ಚಿಕೊಂಡರು.

ಆಮೇಲೆ ಮೆಲ್ಲಗೆ ಹೊರಬಿತ್ತು. ಅವರಿಗೆ ಮೊಣಕಾಲು ನೋವು. ಒಲೆಯ ಮುಂದೆ ಕೂತರೆ ಏಳಲಾಗದು.

"ಇದನ್ನ ಮೊದ್ಲೇ ಹೇಳಬಾರದಾಗಿತ್ತೇನ್ರಿ ಅಕ್ಕಾರೆ?"

"ಸೊಸಿ ಬರೋದ್ರಾಗೇ ಕಾಲು ನೋವು ಅಂದ್ರೆ ನಾಟಕ ಅಂತಾರಲ್ರಿ ಜನ!"

ಜನ ಪದ್ಯ ಬರೆಯುವುದೂ ಇದಕ್ಕೇ ಇರಬೇಕು ಎನಿಸಿತು. ಮೊಣಕಾಲು ನೋಯುತ್ತದೆ ಎನ್ನಲು ನಾಚಿಕೆ, ಮರದ ಹಿಂದೆ ನಿಂತು ಮಾತಾಡಬೇಕು. ನನ್ನ ತಲೆ ಕೆಟ್ಟಿತ್ತು. "ನಿಮ್ಮ ಕಾಲು ನೆಟ್ಟಗಾಗೋ ತನಕ ಬೆಳಿಗ್ಗೆ ರೊಟ್ಟಿ ನಂದು. ಹುಡುಗಿ ನಾಳೆ ಸ್ಕೂಲಿಗೆ ಹೋಗ್ಲಿ," ಎಂದೆ.

"ಅಯ್ಯ, ಬೀಗರ ಕೈಯಾಗೆ ರೊಟ್ಟಿ ಬಡಿಸಿದ್ರು ಅಂತ ಜನ ಆಡ್ಕೊಳ್ಳಲ್ವೇನ್ರಿ?"

"ಅದಕ್ಕೂ ಒಂದು ಪದ್ಯ ಬರೆಸ್ತೀನಿ, ತಡೀರಿ."

ನೀಲಮ್ಮ ನಕ್ಕುಬಿಟ್ಟರು. ನಾನು ನಗಲಿಲ್ಲ. ದಾವಣಗೆರೆಯ ಮನೆಗೆ ಬಂದು ಬಸವರಾಜನನ್ನು ಹಿಡಿದುಕೊಂಡರೆ, "ಅವ್ವಾ, ಅದು ರೂಪಕ. ಹಂಗೆಲ್ಲ ಅರ್ಥ ಮಾಡಬಾರದು," ಎಂದ. "ನಿನ್ನ ರೂಪಕ ನಾಳೆಯಿಂದ ಹರಿಹರದಾಗೆ ರೊಟ್ಟಿ ಬಡಿತೈತೆ, ಹೋಗಿ ನೋಡ್ಕೊ," ಎಂದು ಮಲಗಿದೆ.

ಮರುದಿನ ಹರಿಹರದ ಮೊದಲ ಬಸ್ಸು ಹಿಡಿದೆ. ದಾರಿಯ ಬಾತಿ ಊರು ದಾಟುವಾಗ ಇನ್ನೂ ಕತ್ತಲೆ. ಗಿರಿಜೆಗೆ ಡಬ್ಬಿ ಕಟ್ಟಿಕೊಟ್ಟು ಮಲೆಬೆನ್ನೂರು ಬಸ್ಸಿಗೆ ಕಳಿಸಿ, ಒಲೆಯ ಮುಂದೆ ಕೂತು ಉಳಿದ ಹಿಟ್ಟು ನಾದಿದೆ. ಮಹೇಶ ತಟ್ಟೆಯ ಮುಂದೆ ಕೂತು ರೊಟ್ಟಿಯನ್ನು ಎತ್ತಿ ನೋಡಿದ.

"ಅಮ್ಮಾರೆ, ರೊಟ್ಟಿ ಹುಣ್ಣಿಮೆ ಚಂದ್ರ ಇದ್ದಂಗೈತೆ ನೋಡ್ರಿ."

"ರೊಟ್ಟಿ ರೊಟ್ಟಿ ಇದ್ದಂಗೇ ಐತೆ. ಸುಮ್ನೆ ತಿನ್ನಪ್ಪ," ಎಂದು ಗದರಿದೆ. ಗದರಿ, ಅವನು ಕೇಳದಿದ್ದರೂ ಇನ್ನೊಂದು ಹಾಕಿದೆ. ಮೇಲೆ ಬೆಣ್ಣೆಯನ್ನೂ ಇಟ್ಟೆ.