ಒಣಗದ ಮಾವನವರು

ಆ ಸೋಮವಾರ ಬೆಳಿಗ್ಗೆ ಹಲ್ಲುಜ್ಜುತ್ತಲೇ ನಾನು ಘೋಷಿಸಿಬಿಟ್ಟೆ: "ಇನ್ನೊಂದೇ ವಾರ! ನಿಮ್ಮಪ್ಪನ್ನ ಆಯಿಲ್ ಪೇಂಟಲ್ಲಿ ಅಮರ ಮಾಡಿಬಿಡ್ತೀನಿ ನೋಡು!"

"ಮೊದ್ಲು ಬಾಯಿ ಮುಕ್ಕಳಿಸಿ," ಎಂದಳು ನನ್ನ ಹೆಂಡತಿ ನಯನ.

ನಾನು ಕೊಪ್ಪದಲ್ಲಿ ಬೋರ್ಡು ಬರೆಯುವವನು. ಕೊಪ್ಪ, ಶೃಂಗೇರಿ, ಎನ್.ಆರ್.ಪುರ ಮೂರೂ ತಾಲ್ಲೂಕಿನ ಬೇಕರಿ, ಗೊಬ್ಬರದಂಗಡಿ, ಲಾರಿಯ ಹಿಂಭಾಗ, ಹೀಗೆ ನನ್ನ ಕುಂಚ ಮುಟ್ಟದ ಜಾಗವೇ ಇರಲಿಲ್ಲ. ಎರಡು ಸಾವಿರದ ಆರನೇ ಇಸವಿಯ ಹೊತ್ತಿಗೆ ಊರಿಗೆ ಫ್ಲೆಕ್ಸ್ ಬಂತು, ಕುಂಚಕ್ಕೆ ಬೇಕಾದಷ್ಟು ಬಿಡುವು ಸಿಕ್ಕಿತು. ಬಿಡುವು ಸಿಕ್ಕಿದ್ದೇ ತಡ, ನನ್ನೊಳಗಿನ ಮಹಾನ್ ಕಲಾವಿದ ಮೈಮುರಿದು ಎದ್ದು ಕೂತ! ಅಡ್ಡಗದ್ದೆಯಲ್ಲಿರುವ ನನ್ನ ಮಾವ ಸೀತಾರಾಮಯ್ಯನವರಿಗೆ ಬರುವ ಭಾನುವಾರ ಎಪ್ಪತ್ತರ ಶಾಂತಿ. ಮದುವೆಯಾಗಿ ಹನ್ನೆರಡು ವರ್ಷವಾದರೂ ಅವರು ನನ್ನನ್ನು ನೆಂಟರಿಗೆ ಪರಿಚಯಿಸುವಾಗ "ಇವ್ರು ನಮ್ಮ ಅಳಿಯಂದ್ರು, ಕೊಪ್ಪದಲ್ಲಿ ಇರ್ತಾರೆ" ಎಂದಷ್ಟೇ ಹೇಳಿ ಮಾತು ಬದಲಿಸುತ್ತಿದ್ದರು. ಅವರ ಬಾಯಲ್ಲಿ ಒಂದೇ ಒಂದು ಸಲ 'ಕಲಾವಿದರು' ಎಂಬ ಪದ ಬರಬೇಕು! ಅಷ್ಟಾದರೆ ಈ ಜನ್ಮಕ್ಕೆ ಇನ್ನೇನೂ ಬೇಡವಾಗಿತ್ತು.

"ಈ ಸಲ ಯಾರು ಎಂಥ ತಪ್ಪು ತೋರಿಸಿದ್ರೂ ಒಪ್ಕೋತೀನಿ. ಕಲಾವಿದ ಬೆಳೆಯೋದೇ ವಿಮರ್ಶೆಯಿಂದ," ಎಂದೆ.

"ಹಂಗಾದ್ರೆ ನೀವು ಈ ವಾರ ಸಿಕ್ಕಾಪಟ್ಟೆ ಬೆಳೀತೀರಿ," ಎಂದು ನಯನ ಒಳಗೆ ಹೋದಳು.

ಮಾವನವರಿಗೆ ಗೊತ್ತಾಗಬಾರದಲ್ಲ, ಹಾಗಾಗಿ ಒಂದು ಪಾಸ್‌ಪೋರ್ಟ್ ಸೈಜಿನ ಫೋಟೋ ಇಟ್ಟುಕೊಂಡು ಮೂರಡಿ ಕ್ಯಾನ್ವಾಸಿನ ಮೇಲೆ ಯುದ್ಧ ಸಾರಿದೆ. ಮಂಗಳವಾರ ನಯನ ಬಂದು ನೋಡಿದಳು.

"ಈ ಮೂಗು ಯಾರದ್ದು?"

"ನಿಮ್ಮಪ್ಪಂದು!"

"ನಮ್ಮಪ್ಪ ಈ ಮೂಗಲ್ಲಿ ಶೀನಿದ್ರೆ ಮನೆ ಹೆಂಚು ಹಾರ್ತಿತ್ತು."

ಒಪ್ಪಿಕೊಂಡೆ. ಆ ಮೂಗಿನ ಮೇಲೆ ಇನ್ನೊಂದು ಚಿಕ್ಕ ಮೂಗು ಬರೆದೆ. ಬುಧವಾರ ಬಂದವಳು, "ಪಾಪ, ಈಗ ನೆಗಡಿಯಾದ್ರೆ ಒರೆಸ್ಕೊಳ್ಳೋಕೆ ಎಂತದೂ ಉಳಿದಿಲ್ಲ" ಎಂದಳು. ಮತ್ತೊಂದು ಮೂಗು! ಗುರುವಾರ ಪಕ್ಕದ ಟೈಲರ್ ಸುಂದರೇಶನನ್ನು ಕರೆದೆ. ಆತ ತಲೆ ಓರೆ ಮಾಡಿ ಕಾಲು ಗಂಟೆ ನೋಡಿದ.

"ಕಾಲರ್ ಸರಿ ಇಲ್ಲ ಮಾರಾಯ. ಎಡಗಡೆ ಅರ್ಧ ಇಂಚು ಜಾಸ್ತಿ."

"ಅದಿರ್ಲಿ, ಮುಖ ಹೆಂಗಿದೆ?"

"ಮುಖ ನನ್ನ ಡಿಪಾರ್ಟ್‌ಮೆಂಟ್ ಅಲ್ಲ."

ಹೀಗೆ ವಿಮರ್ಶೆಯ ಮೇಲೆ ವಿಮರ್ಶೆ ಒಪ್ಪಿಕೊಂಡು ಶುಕ್ರವಾರದ ಹೊತ್ತಿಗೆ ಮಾವನವರ ಮೂಗು ನಾಲ್ಕು ಪದರ, ಕಾಲರು ಮೂರು ಪದರ ದಪ್ಪವಾಗಿತ್ತು. ಮುಟ್ಟಿದರೆ ಬೆರಳು ಕೆನ್ನೆಯೊಳಗೇ ಇಳಿಯುತ್ತಿತ್ತು! ಅದೋ ಜುಲೈ ತಿಂಗಳು. ನಮ್ಮೂರಲ್ಲಿ ಮೈ ಒರೆಸಿದ ಟವೆಲ್ಲೇ ನಾಲ್ಕು ದಿನ ಒಣಗುವುದಿಲ್ಲ, ಇನ್ನು ನಾಲ್ಕು ಪದರದ ಮೂಗು ಭಾನುವಾರಕ್ಕೆ ಒಣಗುವುದುಂಟೇ?

ಶನಿವಾರ ಬೆಳಿಗ್ಗೆ ಚಿತ್ರವನ್ನು ಮುಂದಿನ ಕೋಣೆಗೆ ತಂದು ಗೋಡೆಗೆ ಒರಗಿಸಿದೆವು. ಯಾರಾದರೂ ತಗುಲಿಸಿಯಾರೆಂದು ಕುರ್ಚಿಗಳನ್ನೆಲ್ಲ ಹೊರಗೆ ಹಾಕಿದೆವು. ಸ್ಟೂಲಿನ ಮೇಲೆ ನೂರು ಕ್ಯಾಂಡಲ್ ಬಲ್ಬು ಹಚ್ಚಿ ಶಾಖ ಕೊಟ್ಟೆವು. ಒಂಬತ್ತು ಗಂಟೆಗೆ ಕರೆಂಟು ಹೋಯಿತು! ನಯನ ದೇವರ ಕೋಣೆಯಿಂದ ಎರಡು ದೊಡ್ಡ ದೀಪ ತಂದು ಹಚ್ಚಿ ಚಿತ್ರದ ಎರಡೂ ಕಡೆ ಇಟ್ಟಳು. ಟರ್ಪಂಟೈನ್ ವಾಸನೆಗೆ ತಲೆನೋವೆಂದು ಒಂದು ಹಿಡಿ ಊದುಬತ್ತಿಯನ್ನೂ ಸಿಕ್ಕಿಸಿದಳು. "ಅಪ್ಪನ್ನ ಸುಟ್ಟುಬಿಟ್ಟೀರಿ, ಇಲ್ಲೇ ಕೂತಿರಿ" ಎಂದು ಆಜ್ಞೆ ಮಾಡಿ ಶಾಂತಿಯ ಸಾಮಾನಿಗೆ ಪೇಟೆಗೆ ಹೋದಳು. ವಾರದಿಂದ ಗಡ್ಡ ಬೋಳಿಸದ ನಾನು, ಹಳೇ ಪಂಚೆ ಉಟ್ಟು, ಹೆಗಲಿಗೊಂದು ಟವೆಲ್ ಹಾಕಿ, ಚಾಪೆಯ ಮೇಲೆ ಕೂತು, ಮೂಗು ಒಣಗುತ್ತದೋ ಇಲ್ಲವೋ ಎಂಬ ಚಿಂತೆಯಲ್ಲಿ ತಲೆ ಮೇಲೆ ಕೈಹೊತ್ತಿದ್ದೆ.

ಹೆಪ್ಪಿಗೆ ಒಂದು ಚಮಚ ಮೊಸರು ಕೇಳಲು ಎದುರುಮನೆಯ ಗಿರಿಯಮ್ಮ ಬಂದದ್ದು ಆಗಲೇ. ಬಾಗಿಲಲ್ಲೇ ಅವರ ಕೈಯ ಲೋಟ ಕೆಳಗೆ ಬಿತ್ತು.

"ಅಯ್ಯೋ ದೇವ್ರೇ! ಯಾವಾಗ ಹೋದ್ರು ಮಾರಾಯ್ರೆ? ನಮಗೊಂದು ಮಾತು ಹೇಳ್ಬಾರ್ದಾ!"

'ಇಲ್ಲ ತಾಯೀ, ಬದುಕಿದ್ದಾರೆ' ಎನ್ನಲು ಬಾಯಿ ತೆರೆದೆ. ದೇವರಾಣೆಗೂ ತೆರೆದೆ! ಅಷ್ಟರಲ್ಲಿ ಗಿರಿಯಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, "ಮುಖದಲ್ಲಿ ಎಂಥ ಕಳೆ! ಈಗ ಎದ್ದು ಮಾತಾಡ್ತಾರೇನೋ ಅನ್ಸತ್ತೆ" ಎಂದರು. ಇಡೀ ವಾರದಲ್ಲಿ ನನಗೆ ಸಿಕ್ಕ ಮೊದಲ ಹೊಗಳಿಕೆ! ಬಾಯಿ ತಾನಾಗಿಯೇ ಮುಚ್ಚಿಕೊಂಡಿತು.

"ಕಣ್ಣು ಹೆಂಗಿದೆ ಗಿರಿಯಮ್ಮ?" ಎಂದೆ ಮೆಲ್ಲಗೆ.

"ನಮ್ಮನ್ನೇ ನೋಡ್ತಾ ಇದ್ದ ಹಂಗಿದೆ!"

"ಮೂಗು?"

ಅಳು ನಿಲ್ಲಿಸಿ ಬಗ್ಗಿ ನೋಡಿದರು. "ಮೂಗು... ಇರ್ಲಿ ಬಿಡಿ. ಹೋದವ್ರ ವಿಷಯ ಎಂತಕ್ಕೆ ಮಾತಾಡೋದು."

ಮೊಸರು ಒಯ್ಯಲು ಮರೆತರು, ಸುದ್ದಿ ಒಯ್ಯಲು ಮರೆಯಲಿಲ್ಲ. ಹನ್ನೊಂದು ಗಂಟೆಗೆ ನಮ್ಮ ಜಗಲಿಯಲ್ಲಿ ಚಪ್ಪಲಿ, ಕೊಡೆಗಳ ರಾಶಿ! ಸುಂದರೇಶ ಅಂಗಡಿ ಮುಚ್ಚಿ ಬಂದು ನನ್ನ ಕೈ ಹಿಡಿದುಕೊಂಡ. "ಇಂಥ ಹೊತ್ತಲ್ಲಿ ನಾನು ಕಾಲರ್ ಬಗ್ಗೆ ಮಾತಾಡಿಬಿಟ್ಟೆ ಮಾರಾಯ, ಕ್ಷಮಿಸಿಬಿಡು." ಯಾರೋ ಬಾಳೆಹಣ್ಣು ತಂದರು. ಬಂದವರೆಲ್ಲ ಚಿತ್ರ ನೋಡಿ "ಎಂಥ ಗಾಂಭೀರ್ಯ!" ಎನ್ನುವವರೇ. ನಿಜ ಹೇಳಬೇಕಿತ್ತು, ಒಪ್ಪುತ್ತೇನೆ. ಆದರೆ ಇನ್ನೊಬ್ಬರು ಹೊಗಳಲಿ, ಆಮೇಲೆ ಹೇಳೋಣ ಎಂದುಕೊಳ್ಳುತ್ತಲೇ ಮಧ್ಯಾಹ್ನವಾಯಿತು.

ನಯನ ಪೇಟೆಯಿಂದ ಬಂದಳು. ಜಗಲಿಯ ಚಪ್ಪಲಿ ರಾಶಿ ಕಂಡದ್ದೇ ಚೀಲ ಬಿಸಾಡಿ, "ಅಯ್ಯೋ! ಮನೇಲಿರೋದೇ ಇಬ್ರು! ಒಬ್ಬಳು ನಾನು, ಇಲ್ಲಿದ್ದೀನಿ!" ಎಂದು ಅಳುತ್ತಾ ಒಳಗೆ ನುಗ್ಗಿದಳು. ಚಾಪೆಯ ಮೇಲೆ ಬಾಳೆಹಣ್ಣು ಸುಲಿಯುತ್ತಿದ್ದ ನನ್ನನ್ನು ಕಂಡಳು. ನಾನು ಬದುಕಿದ್ದೇನೆಂದು ಅವಳಿಗೆ ಅಷ್ಟು ಕೋಪ ಬಂದದ್ದು ಅದೇ ಮೊದಲು.

"ನಾಳೆ ಎಪ್ಪತ್ತರ ಶಾಂತಿ ಮಾಡಿಸ್ಕೊಳ್ಳೋ ನನ್ನಪ್ಪನ ಮುಂದೆ ಇದೆಂತ ರೀ ಇದು! ಇವತ್ತೇ ತಿಥಿ ಮಾಡಿ ಮುಗಿಸ್ತೀರಾ?"

ಬಂದವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡು ಮೆಲ್ಲನೆ ಎದ್ದರು. ಬಾಳೆಹಣ್ಣು ತಂದವರು ಉಳಿದದ್ದನ್ನು ವಾಪಸು ಒಯ್ದರು. ನಯನ ದೀಪ ಆರಿಸಲು ಬಗ್ಗುವಷ್ಟರಲ್ಲಿ ಹೊರಗೆ ಜೀಪು ನಿಂತಿತು. ಇಳಿದವರು ಸಾಕ್ಷಾತ್ ಮಾವನವರು! ಕೊಪ್ಪದ ಅಳಿಯನ ಮನೆಯಲ್ಲಿ ಯಾರೋ ಹಿರಿಯರು ಹೋದರೆಂದು ಅಡ್ಡಗದ್ದೆಗೆ ಫೋನು ಹೋಗಿತ್ತಂತೆ. ನಮ್ಮ ಫೋನೋ ಮಳೆಗೆ ಸತ್ತು ಹತ್ತು ದಿನವಾಗಿತ್ತು. ಪುರೋಹಿತರನ್ನೂ ಅಡುಗೆಯವರನ್ನೂ ಬಿಟ್ಟು ಓಡಿ ಬಂದಿದ್ದರು, ಪಾಪ.

ನಾವು ಬಾಯಿ ಬಿಡುವ ಮೊದಲೇ ಚಪ್ಪಲಿ ಕಳಚಿ ಒಳಗೆ ಬಂದರು. ಚಿತ್ರದ ಮುಂದೆ ನಿಂತರು. ಹನ್ನೆರಡು ವರ್ಷ ಕಾದದ್ದು ಈ ಗಳಿಗೆಗಾಗಿ ಅಲ್ಲವೇ!

ಮಾವನವರು ಭಕ್ತಿಯಿಂದ ಕೈಮುಗಿದರು. ಕಣ್ಣು ತುಂಬಿ ಬಂತು.

"ಒಳ್ಳೇ ಜೀವದ ಹಂಗೆ ಕಾಣ್ತದೆ. ನಿಮ್ಮ ದೊಡ್ಡಪ್ಪನಾ ಅಳಿಯಂದ್ರೆ? ನಾನು ಇವ್ರನ್ನ ನೋಡಿದ ನೆನಪೇ ಇಲ್ಲ!"

"ಅಪ್ಪಾ," ಎಂದಳು ನಯನ, "ಅದು ನೀವು."

ಅವರು ಕನ್ನಡಕ ಹಾಕಿಕೊಂಡರು. ಹತ್ತಿರ ಹೋದರು, ದೂರ ಬಂದರು. ಆಮೇಲೆ ಅಳಿಯನ ಮನ ನೋಯಬಾರದೆಂದು ಬಹಳ ಮೃದುವಾಗಿ ಹೇಳಿದರು: "ಒಂದು ಕೆಲ್ಸ ಮಾಡಿ. ಕೆಳಗೆ ದೊಡ್ಡದಾಗಿ ನನ್ನ ಹೆಸ್ರು ಬರೆದುಬಿಡಿ. ನಿಮ್ಮ ಅಕ್ಷರ ಚೆಂದ ಇರ್ತದೆ."

ವಾರದ ಕೊನೆಯ ವಿಮರ್ಶೆಯನ್ನೂ ಒಪ್ಪಿಕೊಂಡೆ. ಬೋರ್ಡಿನ ಎನಾಮಲ್ ತಂದು, ಹಳದಿ ಅಕ್ಷರ, ಕೆಂಪು ನೆರಳು ಕೊಟ್ಟು ಬರೆದೆ. ಮರುದಿನ ಅಡ್ಡಗದ್ದೆಯಲ್ಲಿ ಶಾಂತಿಗೆ ಬಂದ ನೆಂಟರೆಲ್ಲ ಮೊದಲು ಹೆಸರು ಓದಿದರು, ಆಮೇಲೆ ತಲೆಯೆತ್ತಿ ಮುಖ ನೋಡಿದರು.

"ಹೌದೌದು! ಅಚ್ಚು ಸೀತಾರಾಮಯ್ಯನವರೇ!"