ದೊಡ್ಡ ಕ್ಲಬ್ಬಿನ ಗೋಲಿನಲ್ಲಿ ನಿಂತು

ಗೆದ್ದವರನ್ನು ಯಾಕೆ ಗೆದ್ದಿರಿ ಎಂದು ಯಾರೂ ಕೇಳುವುದಿಲ್ಲ. ಕೇಳಿದರೂ ಅವರು ನಕ್ಕು ಮುಂದೆ ಹೋಗುತ್ತಾರೆ. ಸೋತವನ ಪಾಡು ಹಾಗಲ್ಲ. ಅವನಿಗೆ ಕಾರಣ ಬೇಕು, ಅದೂ ತನ್ನ ಮನೆಯಿಂದ ಆದಷ್ಟು ದೂರದಲ್ಲಿ ಸಿಗುವಂಥ ಕಾರಣ ಬೇಕು. ನನ್ನದು ಮೊದಲಿನಿಂದಲೂ ಗುಮಾನಿಯ ಸ್ವಭಾವ. ಹಾಲಿನವನು ನಕ್ಕು ಮಾತನಾಡಿಸಿದರೆ ಪಾತ್ರೆಯೊಳಗೆ ಇಣುಕಿ ನೋಡುತ್ತೇನೆ. ಮೇಲೆ ದಿನಚರಿ ಬರೆಯುವ ಚಟ ಬೇರೆ ಇರುವುದರಿಂದ ನನ್ನ ಗುಮಾನಿಗಳೆಲ್ಲ ತಾರೀಖು, ವಾರಗಳ ಸಮೇತ ಭದ್ರವಾಗಿವೆ. "ನಮ್ಮ ಹುಡುಗ ಸೀನಿದ್ರೂ ಬರದಿಡ್ತಾನ" ಎಂದು ಅವ್ವ ನೆರೆಮನೆಯವರ ಮುಂದೆ ಹೇಳುತ್ತಾಳೆ. ಅದು ಸುಳ್ಳು. ಸಾಲಾಗಿ ಎರಡು ಸಲ ಸೀನಿದರೆ ಮಾತ್ರ ಬರೆಯುತ್ತೇನೆ.

ಬಸವನ ಬಾಗೇವಾಡಿಯ ನಮ್ಮ ಫುಟ್‌ಬಾಲ್ ಕ್ಲಬ್ಬಿನಲ್ಲಿ ನಾನು ಗೋಲು ಕಾಯುವವನು. ನಮ್ಮದು ದೊಡ್ಡ ಕ್ಲಬ್ಬು. ಎಲ್ಲರಿಗೂ ಬೂಟುಗಳಿವೆ, ಬೆನ್ನ ಮೇಲೆ ಹೆಸರು ಬರೆದ ಅಂಗಿಗಳಿವೆ, ಶಾಮಿಯಾನವಿದೆ, ಶಾಮಿಯಾನದ ಕೆಳಗೆ ಕೂರಲು ಸಾಕಷ್ಟು ಪದಾಧಿಕಾರಿಗಳಿದ್ದಾರೆ. ಇಂಡಿ, ಸಿಂದಗಿ, ಮುದ್ದೇಬಿಹಾಳದ ದೊಡ್ಡ ತಂಡಗಳು ಬಂದರೆ ನಾವು ಸರಿಸಮ ಆಡುತ್ತೇವೆ. ಸೋಲುವುದು ಹಳ್ಳಿಯ ತಂಡಗಳಿಗೆ. ಎರಡೂ ಹಿಪ್ಪರಗಿಗಳು, ಹೂವಿನದೂ ದೇವರದೂ, ನಮ್ಮನ್ನು ಸೋಲಿಸಿವೆ. ಹೂವಿನ ಹಿಪ್ಪರಗಿಯ ಹುಡುಗರ ಅಂಗಿಗಳು ಒಂದೇ ಬಣ್ಣದವೂ ಅಲ್ಲ. ಒಬ್ಬ ಆಟದಿಂದ ಹೊರಗೆ ಬಂದರೆ ಅವನ ಬೂಟು ಇನ್ನೊಬ್ಬನ ಕಾಲಿಗೆ ಹೋಗುತ್ತದೆ. ಅಂಥವರು ನನ್ನ ಹಿಂದಿನ ಬಲೆಗೆ ಒಂದೇ ಆಟದಲ್ಲಿ ನಾಲ್ಕು ಸಲ ಚೆಂಡು ಹಾಕಿ ಹೋದರು.

ಅಂದು ಸಂಜೆ ನಮ್ಮ ಅಧ್ಯಕ್ಷ ಶಂಕ್ರಣ್ಣನವರು ನನ್ನನ್ನು ಶಾಮಿಯಾನದ ಮೂಲೆಗೆ ಕರೆದರು. "ತಮ್ಮಾ, ಬರೂ ವಾರ ಇಂಗಳೇಶ್ವರದವರ ಜೋಡಿ ಆಟ ಐತಿ. ಅಲ್ಲೀನೂ ಹಿಂಗ ಆತಂದ್ರ ಗೋಲಿನ್ಯಾಗ ನಮ್ಮ ಅಳಿಯಾನ್ನ ನಿಂದ್ರಸ್ತೇನಿ. ಆಮ್ಯಾಲ ನೀ ಬ್ಯಾಸರಾ ಮಾಡ್ಕೋಬಾರ್ದು" ಎಂದರು. ಅವರ ಅಳಿಯ ಸಂತೋಷ ಒಳ್ಳೆಯ ಹುಡುಗ. ಅವನು ಚೆಂಡು ಬಂದಾಗ ಕಣ್ಣು ಮುಚ್ಚುತ್ತಾನೆ ಎನ್ನುವುದೊಂದೇ ಅವನ ಮೇಲಿರುವ ದೂರು. ಆದರೆ ಗೋಲಿನ ಆ ಎರಡು ಕಂಬಗಳ ನಡುವಿನ ಜಾಗ ಬಿಟ್ಟರೆ ಈ ಊರಿನಲ್ಲಿ ನನ್ನದು ಎಂದು ಹೇಳಿಕೊಳ್ಳುವ ಜಾಗ ಬೇರೆ ಇಲ್ಲ. ಮನೆಯಲ್ಲಿ ಕೂಡ ನನ್ನ ಮಂಚದ ಅರ್ಧದಲ್ಲಿ ತೊಗರಿ ಚೀಲಗಳಿವೆ.

ಹೀಗಾಗಿ ಕಾರಣ ಹುಡುಕಲು ಹೊರಟೆ. ಮೊದಲ ಗುಮಾನಿ ಹಿಪ್ಪರಗಿಯವರು ತಂದಿದ್ದ ಚೆಂಡಿನ ಮೇಲೆ. ಅದು ನಮ್ಮ ಕಡೆಯೇ ಉದ್ದೇಶಪೂರ್ವಕವಾಗಿ ಉರುಳುತ್ತಿತ್ತು. ಆಟದ ನಂತರ ಅದು ನಮ್ಮಲ್ಲೇ ಉಳಿದಿದ್ದರಿಂದ ಕಿರಾಣಿ ಅಂಗಡಿಗೆ ಒಯ್ದು ನಮ್ಮ ಚೆಂಡಿನ ಜೊತೆ ತೂಗಿಸಿದೆ. ಅಂಗಡಿಯವನು ಎರಡನ್ನೂ ತಕ್ಕಡಿಯಲ್ಲಿಟ್ಟು, "ಸಮ ಅದಾವು. ಯಾವುದು ಕಟ್ಟಲಿ?" ಎಂದ. ಎರಡನೆಯ ಗುಮಾನಿ ಮುದ್ದೇಬಿಹಾಳದಿಂದ ಬಂದಿದ್ದ ರೆಫರಿಯ ಮೇಲೆ. ವಿರಾಮದಲ್ಲಿ ಅವರು ಹಿಪ್ಪರಗಿಯವರ ಚಹಾ ಕುಡಿದದ್ದನ್ನು ಕಣ್ಣಾರೆ ಕಂಡಿದ್ದೆ. ಆದರೆ ನನ್ನದೇ ದಿನಚರಿಯ ಪ್ರಕಾರ ಅವರು ನಮ್ಮ ಚಹಾವನ್ನೂ ಕುಡಿದಿದ್ದರು, ಬಿಸ್ಕೀಟನ್ನು ನಮ್ಮಲ್ಲಿ ಮಾತ್ರ ತಿಂದಿದ್ದರು. ಉಳಿದದ್ದು ಮೂರನೆಯದು. ನಮ್ಮೊಳಗಿನವರೇ ಯಾರೋ ಒಬ್ಬರು ಹಿಪ್ಪರಗಿಗೆ ಹೋಗಿ ನಮ್ಮ ಆಟದ ಗುಟ್ಟು ಹೇಳಿ ಬರುತ್ತಿದ್ದಾರೆ ಎನ್ನುವುದು. ನಮ್ಮ ಆಟಕ್ಕೆ ಗುಟ್ಟು ಎಂಬುದೊಂದು ಇದೆಯೇ ಎಂದು ಆಗ ನಾನು ಯೋಚಿಸಲಿಲ್ಲ. ಈ ಗುಮಾನಿಯನ್ನು ಶಂಕ್ರಣ್ಣನವರ ಕಿವಿಗೂ ಹಾಕಿದೆ. ಅವರ ಮುಖ ಕೂಡಲೇ ಅರಳಿತು. "ನನಗೂ ಹಂಗ ಅನಸಿತ್ತು" ಎಂದರು.

ರವಿವಾರ ಮುಂಜಾನೆ ತಲೆಗೆ ಟವೆಲ್ ಸುತ್ತಿಕೊಂಡು ಹೂವಿನ ಹಿಪ್ಪರಗಿಯ ಬಸ್ಸು ಹತ್ತಿದೆ. ಅವರ ಮೈದಾನದ ಅಂಚಿನಲ್ಲಿ ಒಂದು ಬೇವಿನ ಮರವಿದೆ. ಅದರ ಹಿಂದೆ ನಿಂತೆ. ಅವರ ನಾಯಕ ಮೈಬೂಬ, ಟೆಂಪೋ ಓಡಿಸುವವನು, ನೇರವಾಗಿ ನನ್ನ ಕಡೆಗೇ ಬಂದ.

"ನೀ ಬಾಗೇವಾಡಿ ಗೋಲ್ ಕೀಪರ್ ಅಲ್ಲೇನೋ? ಗಿಡದ ಹಿಂದ ಏನ್ ಮಾಡಾಕತ್ತಿ?"

"ಬಸ್ಸಿಗಿ ಕಾಯಾಕತ್ತೇನಿ."

"ಬಸ್ ಸ್ಟ್ಯಾಂಡ್ ಊರಿನ ಆ ತುದಿಗೈತಿ. ಇರ್ಲಿ, ನಮ್ಮ ಗೋಲಿನವ ಬೀಗರ ಊರಿಗಿ ಹೋಗ್ಯಾನ. ಬಸ್ ಬರೂತನಾ ನಿಂದ್ರು ಬಾ."

ಅವರು ತಮ್ಮತಮ್ಮಲ್ಲೇ ಎರಡು ಪಾಲಾಗಿ ಆಡುತ್ತಿದ್ದರು. ಶತ್ರುವಿನ ಗೋಲಿನಲ್ಲಿ ನಿಂತೆ. ನನ್ನ ಮುಂದೆ ತಡೆಯುವವರಲ್ಲಿ ಮೈಬೂಬನ ಸ್ವಂತ ಕಾಕಾ ಇದ್ದರು, ಗಡ್ಡ ಬೆಳ್ಳಗಾದವರು. ಚೆಂಡು ಬಂದೊಡನೆ ಎಲ್ಲರೂ ಅವರ ಮೇಲೆ ಬಿದ್ದರು. "ಏ ಕಾಕಾ, ಎಡಕ್ಕ ಸರಿ." "ಕಾಕಾ, ನಿದ್ದಿ ಬಂತೇನು?" ಕಾಕಾ ತಿರುಗಿ ನೋಡದೆ ಎಡಕ್ಕೆ ಸರಿದರು. ಸ್ವಲ್ಪ ಹೊತ್ತಿಗೆ ನನಗೂ ಬಂತು: "ಏ ಬಾಗೇವಾಡಿ, ಬಾಯಾಗ ಬೆಲ್ಲ ಇಟ್ಕೊಂಡೀಯೇನು? ನಿನಗ ಎಲ್ಲಾ ಕಾಣಸ್ತೈತಿ, ಒದರು." ಗಂಟಲೆತ್ತಿ ಒದರಿದೆ. ಆ ದಿನ ಒಂದೇ ಒಂದು ಚೆಂಡು ನನ್ನನ್ನು ದಾಟಲಿಲ್ಲ. ಆಟ ಮುಗಿದ ಮೇಲೆ ಚಹಾ ಬಂತು. ಅದುವರೆಗೆ ಬೈದವರೆಲ್ಲ ಎದ್ದು ನಿಂತು ಮೊದಲ ಕಪ್ಪನ್ನು ಕಾಕಾನಿಗೆ ಕೊಟ್ಟರು, ಅವರು ಕುಡಿಯುವವರೆಗೆ ತಾವು ಮುಟ್ಟಲಿಲ್ಲ.

ಬಸ್ಸಿನಲ್ಲಿ ಕುಳಿತು ನಮ್ಮ ಮೈದಾನವನ್ನು ನೆನೆಸಿಕೊಂಡೆ. ನನ್ನ ಮುಂದೆ ತಡೆಯಲು ನಿಲ್ಲುವವರು ಪಾಟೀಲ ಸರ್. ಹೈಸ್ಕೂಲಿನಲ್ಲಿ ನನಗೆ ಗಣಿತ ಕಲಿಸಿದವರು, ಬೆಂಚಿನ ಮೇಲೆ ನಿಲ್ಲಿಸಿದವರು. ಎಡಗಡೆಯಿಂದ ಯಾರಾದರೂ ಚೆಂಡು ತಂದರೆ ನಾನು, "ಸರ್, ತಪ್ಪು ತಿಳ್ಕೋಬ್ಯಾಡ್ರಿ, ತಾವು ಒಂದೀಟು ಎಡಕ್ಕ ಬರ್ತೀರೇನ್ರಿ?" ಎನ್ನುತ್ತಿದ್ದೆ. ಅವರು ತಿರುಗಿ, "ಏನಪಾ?" ಎನ್ನುತ್ತಿದ್ದರು. ಅಷ್ಟರಲ್ಲಿ ಚೆಂಡು ಬಲೆಯಲ್ಲಿರುತ್ತಿತ್ತು. ಕಾರ್ನರ್ ಕಿಕ್ ಸಿಕ್ಕರೆ ನಮ್ಮವರು ಬೀಗರ ಪಂಕ್ತಿಯಲ್ಲಿ ಕುಳಿತವರಂತೆ, "ನೀವು ಹೊಡೀರಿ", "ಛೇ, ಹಿರಿಯಾರು ತಾವ ಹೊಡೀರಿ" ಎಂದು ನಿಲ್ಲುತ್ತಿದ್ದರು. ಇಂಡಿಯವರೂ ಸಿಂದಗಿಯವರೂ ಇಂಥದೇ ದೊಡ್ಡ ಮನುಷ್ಯರಾದ್ದರಿಂದ ಅವರೊಡನೆ ಆಟ ಸಮ ಆಗುತ್ತಿತ್ತು. ಹಳ್ಳಿಯವರು ಮಾತ್ರ ಈ ಉಪಚಾರ ಮುಗಿಯುವವರೆಗೆ ಕಾಯುತ್ತಿರಲಿಲ್ಲ.

ಇಂಗಳೇಶ್ವರದವರ ಆಟ ಬಂತು. ಶಾಮಿಯಾನದ ಕೆಳಗೆ ಸಂತೋಷ ಕೈಗವಸು ಹಾಕಿಕೊಂಡು ಸಿದ್ಧನಾಗಿ ಕುಳಿತಿದ್ದ. ನಮ್ಮವರು ಹೇಗೋ ಒಂದು ಗೋಲು ಹೊಡೆದರು. ಹೊಡೆದವನಿಗೂ ಅದು ಆಮೇಲೆ ಗೊತ್ತಾಯಿತು. ಕೊನೆಗಳಿಗೆಯಲ್ಲಿ ಅವರ ಹುಡುಗನೊಬ್ಬ ಎಡಗಡೆಯಿಂದ ಚೆಂಡು ತೆಗೆದುಕೊಂಡು ಬರತೊಡಗಿದ. ಪಾಟೀಲ ಸರ್ ಬಲಗಡೆ ನಿಂತು ಬೆವರು ಒರೆಸಿಕೊಳ್ಳುತ್ತಿದ್ದರು. ನನ್ನ ಬಾಯಿ ತಾನಾಗಿಯೇ ತೆರೆಯಿತು.

"ಏ ಪಾಟೀಲಾ, ಎಡಕ್ಕ ಸರಿಯೋ."

ಸರ್ ಸರಿದರು. ಚೆಂಡನ್ನು ಮೈದಾನದಾಚೆ ಒದ್ದರು. ಆಮೇಲೆ ನಿಧಾನವಾಗಿ ನನ್ನ ಹತ್ತಿರ ಬಂದರು.

"ಏನಂದಿ?"

"ಎಡಕ್ಕ ಅಂದೆ ಸರ್."

"ಅದರ ಮೊದಲ?"

ಸೀಟಿ ಊದಿದರು, ಆಟ ಮುಗಿಯಿತು. ನಾವು ಗೆದ್ದಿದ್ದೆವು. ಶಾಮಿಯಾನದ ಕೆಳಗೆ ಒಬ್ಬರೂ ಚಪ್ಪಾಳೆ ತಟ್ಟಲಿಲ್ಲ.

ಅಂದೇ ಸಭೆ ಸೇರಿತು. ಗೆದ್ದ ಮಾತನ್ನು ಯಾರೂ ಎತ್ತಲಿಲ್ಲ, ನನ್ನ ನಾಲಿಗೆಯ ಮಾತೇ ನಡೆಯಿತು. "ಗೆದ್ರ ಏನ್ ಬಂತು, ಮರ್ಯಾದಿ ಹೋತಲ್ಲ" ಎಂದು ಖಜಾಂಚಿ ನಿಟ್ಟುಸಿರು ಬಿಟ್ಟರು. ನಾನು ಕೈಮುಗಿದು ಸರ್ ಅವರ ಕ್ಷಮೆ ಕೇಳಿದೆ. ಅವರು, "ಹೋಗ್ಲಿ ಬಿಡ್ರಿ. ಚೆಂಡು ಎಡಗಡೇನ ಇತ್ತು" ಎಂದರು. ಆಗ ಶಂಕ್ರಣ್ಣನವರು ಗಂಟಲು ಸರಿಮಾಡಿಕೊಂಡರು.

"ಇದು ನಮ್ಮ ಹುಡುಗನ ಮಾತಲ್ಲ, ಹಿಪ್ಪರಗಿ ಗಾಳಿ. ನಮ್ಮವ ಒಬ್ಬ ಅಲ್ಲಿಗಿ ಹೋಗಿ ಅವರ ಜೋಡಿ ಆಡಿ ಬಂದಾನಂತ ಸುದ್ದಿ ಬಂದೈತಿ. ಟವೆಲ್ ಸುತ್ಕೊಂಡಿದ್ನಂತ, ದೂರಿಂದ ನೋಡಿದವರಿಗಿ ಮಾರಿ ಕಂಡಿಲ್ಲ. ಅಂವ ಈ ಹುಡುಗನ ತಲಿ ಕೆಡಿಸ್ಯಾನ." ಅವರು ನನ್ನತ್ತ ತಿರುಗಿದರು. "ಮೊದಲ ಗುಮಾನಿ ಬಂದಿದ್ದು ನಿನಗ. ತಾರೀಖು ಬರದಿಡೂ ಹುಡುಗ ನೀ. ಆ ಮನಷ್ಯಾನ್ನ ಹುಡುಕಿ ಕೊಡು. ಅಲ್ಲೀತನಾ ಗೋಲು ನಿಂದ."

ಹೀಗೆ ತನಿಖೆ ಮುಗಿಯುವವರೆಗೆ ಗೋಲು ನನ್ನದಾಗಿದೆ, ಆದ್ದರಿಂದ ತನಿಖೆಯನ್ನು ಬಹಳ ಆಳವಾಗಿ ನಡೆಸುತ್ತಿದ್ದೇನೆ. ನಿನ್ನೆ ಸಂತೋಷನನ್ನು ಕೂರಿಸಿ ಆ ರವಿವಾರ ಮುಂಜಾನೆ ಎಲ್ಲಿದ್ದೆ, ನೋಡಿದವರು ಯಾರು ಎಂದು ತಿರುತಿರುಗಿ ಕೇಳಿದೆ. ಮನೆಯಲ್ಲಿ ಮಲಗಿದ್ದೆ ಎಂದ. ಸಾಕ್ಷಿ ಕೊಡು ಎಂದರೆ ತಡವರಿಸಿದ, ಕರವಸ್ತ್ರ ತೆಗೆದು ಹಣೆ ಒರೆಸಿಕೊಂಡ. ಅವನನ್ನು ಕಳಿಸಿ ಮನೆಗೆ ನಡೆದು ಬರುವಾಗ ನನ್ನ ತಲೆಯಲ್ಲಿ ಒಂದು ಪ್ರಶ್ನೆ ಕೊರೆಯತೊಡಗಿತು, ಇನ್ನೂ ಕೊರೆಯುತ್ತಿದೆ: ಏನೂ ಮಾಡದವನಾಗಿದ್ದರೆ ಅವನು ಅಷ್ಟೊಂದು ಯಾಕೆ ಬೆವರಿದ?